ಎಂಟನೇ ನಂಬರಿನ ಚಪ್ಪಲಿ

ಜನವರಿ 9

ಅಮ್ಮಾ,

ರಾಯಭಾರ ಕಚೇರಿಯ ಸೆಕೆಂಡ್ ಸೆಕ್ರೆಟರಿಯು ತನ್ನ ತಾಯಿಗೆ ಗೌರವ ವಂದನೆಗಳನ್ನು ಸಲ್ಲಿಸುತ್ತಾ, ತಾನು ಕ್ಷೇಮವಾಗಿರುವುದನ್ನೂ ಎರಡು ಹೊತ್ತು ಸರಿಯಾಗಿ ಉಣ್ಣುತ್ತಿರುವುದನ್ನೂ ತಿಳಿಸಲು ಹರ್ಷಿಸುತ್ತಾಳೆ.

ಹೆದರಬೇಡ, ನನ್ನ ತಲೆ ಕೆಟ್ಟಿಲ್ಲ. ಬೆಳಗಿನಿಂದ ಸಂಜೆವರೆಗೆ ಇದೇ ಧಾಟಿಯಲ್ಲಿ ಬರೆದೂ ಬರೆದೂ ಕೈ ಇದಕ್ಕೇ ಒಗ್ಗಿಹೋಗಿದೆ. ಇಲ್ಲಿನ ವಿದೇಶಾಂಗ ಇಲಾಖೆಗೆ ನಾವು ಏನು ಹೇಳಬೇಕಾದರೂ ಹೀಗೇ ಹೇಳಬೇಕು. 'ನಾನು' ಎನ್ನುವಂತಿಲ್ಲ, ಪೂರ್ತಿ ಸಹಿ ಹಾಕುವಂತಿಲ್ಲ. ಕೆಳಗೆ ಮುದ್ರೆ ಒತ್ತಿ, ಪಕ್ಕದಲ್ಲಿ ಹೆಸರಿನ ಮೊದಲಕ್ಷರ ಗೀಚಿದರೆ ಮುಗಿಯಿತು. ಇದಕ್ಕೆ ನೋಟು ಎನ್ನುತ್ತಾರೆ. ನೀರಿನ ಪೈಪು ಒಡೆದರೂ ನೋಟು, ಯುದ್ಧ ಶುರುವಾದರೂ ನೋಟು. ಎದುರಿನವರ ಮೇಲೆ ಎಷ್ಟೇ ಸಿಟ್ಟಿರಲಿ, ಕೊನೆಯಲ್ಲಿ 'ಈ ಸಂದರ್ಭವನ್ನು ಬಳಸಿಕೊಂಡು ತನ್ನ ಅತ್ಯುನ್ನತ ಗೌರವವನ್ನು ಮತ್ತೊಮ್ಮೆ ಸಲ್ಲಿಸುತ್ತದೆ' ಎಂದು ಬರೆಯಲೇಬೇಕು. ಯಾರಿಗೂ ಯಾರ ಮೇಲೂ ಗೌರವ ಇಲ್ಲದಿದ್ದರೂ ಅದನ್ನು ಮತ್ತೊಮ್ಮೆ ಮತ್ತೊಮ್ಮೆ ಸಲ್ಲಿಸುತ್ತಿರುತ್ತೇವೆ.

ಮಗಳು ಪಾರ್ಟಿಗಳಲ್ಲೇ ಓಲಾಡುತ್ತಿರುತ್ತಾಳೆ ಎಂದು ಅಕ್ಕಪಕ್ಕದವರಿಗೆ ಹೇಳಿಕೊಂಡು ಬಂದಿದ್ದೀಯಂತೆ. ನನ್ನ ಕೆಲಸ ಕೌಂಟರಿನ ಹಿಂದೆ. ಪಾಸ್‌ಪೋರ್ಟ್ ಕಳೆದುಕೊಂಡವರು, ಜೈಲಿನಲ್ಲಿ ಕೂತವರು, ತೀರಿಕೊಂಡ ತಮ್ಮನನ್ನು ಊರಿಗೆ ಕಳಿಸಿಕೊಡಿ ಎಂದು ಅಳುವವರು. ಸಂಜೆ ಅದೇ ಕಾಲಿನಲ್ಲಿ ರಾಯಭಾರಿಗಳ ಬಂಗಲೆಗೆ ಹೋಗಿ, ಹಣ್ಣಿನ ರಸದ ಲೋಟ ಹಿಡಿದು ಹಲ್ಲು ಕಿರಿಯಬೇಕು. ಬಂದ ಹೊಸತರಲ್ಲಿ ಕಾಲು ನೋಯುತ್ತದೆಂದು ಅಲ್ಲಿನ ಸೋಫಾದ ಬಲಗಡೆ ಕೂತುಬಿಟ್ಟಿದ್ದೆ. ಆ ಜಾಗ ಅಂದಿನ ಮುಖ್ಯ ಅತಿಥಿಗೆ ಮೀಸಲು, ಬೇರೆ ಯಾರೂ ಕೂರುವಂತಿಲ್ಲ ಎಂದು ನನಗೇನು ಗೊತ್ತು! ರಾಯಭಾರಿಗಳ ಹೆಂಡತಿಯ ಮುಖ ಹರಳೆಣ್ಣೆ ಕುಡಿದಂತಾಯಿತು. ಆಮೇಲೆ ಆ ಕಡೆ ತಲೆಯಿಟ್ಟೂ ಮಲಗಿಲ್ಲ.

ಇನ್ನೊಂದು ಸಣ್ಣ ಕೆಲಸ. ಎಂಟನೇ ನಂಬರಿನ ಚಪ್ಪಲಿ ಎರಡು ಜೊತೆ ಕಳಿಸು. ರಬ್ಬರಿನದಾದರೂ ಸರಿ, ಮೆತ್ತಗಿರಲಿ. ಅಲ್ಲಿನ ನಮ್ಮ ಹೆಡ್ ಆಫೀಸಿನಲ್ಲಿ ಕೊಟ್ಟರೆ ಕಚೇರಿಯ ಟಪಾಲು ಚೀಲದಲ್ಲಿ ನನಗೆ ಬರುತ್ತದೆ, ಈ ಕಾಗದ ನಿನಗೆ ಬಂದ ಹಾಗೆಯೇ. ಯಾರಿಗೆ, ಯಾಕೆ ಎಂದು ಕೇಳಬೇಡ.

ನಿನ್ನ ಮಗಳು

&nbsp;

ಜನವರಿ 25

ಸೆಕೆಂಡ್ ಸೆಕ್ರೆಟರಿ ಮೇಡಮ್ಮನವರಿಗೆ,

ನಿಮ್ಮ ಗೌರವ ವಂದನೆ ತಲುಪಿತು. ಒಲೆಯ ಮೇಲಿಟ್ಟಿದ್ದೇನೆ, ಬೆಂದ ಮೇಲೆ ಹೇಗಿತ್ತೆಂದು ಬರೆಯುತ್ತೇನೆ.

ನಿನ್ನ ಕಾಲು ಐದನೇ ನಂಬರು. ಶಾಲೆಗೆ ಸೇರಿಸಿದ ದಿನದಿಂದ ನಿನಗೆ ಚಪ್ಪಲಿ ಕೊಡಿಸಿದವಳು ನಾನು. ಎಂಟು ಅಂದರೆ ಗಂಡಸಿನ ಕಾಲು. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದವಳು ನಾನು. ಯಾರ ಹತ್ತಿರ ಟಿಕೆಟ್ ಇಲ್ಲ ಎಂದು ಮುಖ ನೋಡಿಯೇ ಹೇಳುತ್ತಿದ್ದೆ. ನನಗೇ 'ಯಾರಿಗೆ, ಯಾಕೆ ಕೇಳಬೇಡ' ಅನ್ನುತ್ತೀಯಾ?

ಯಾರವನು? ನಮ್ಮ ಕಡೆಯವನೋ, ಅಲ್ಲಿಯವನೋ? ಮದುವೆಯಾದವನಲ್ಲ ತಾನೇ? ಸಂಬಂಧ ತಂದಾಗಲೆಲ್ಲ 'ಪರೀಕ್ಷೆ ಇದೆ', 'ವರ್ಗ ಆಗುತ್ತೆ' ಎಂದು ನುಣುಚಿಕೊಂಡೆ. ನೀನೇ ಒಬ್ಬನನ್ನು ಹುಡುಕಿ ಕರೆದುಕೊಂಡು ಬಂದು ನಿಲ್ಲಿಸಿದ್ದರೆ ನಾನು ಬೇಡ ಅನ್ನುತ್ತಿದ್ದೆನೇ? ಈ ಕದ್ದುಮುಚ್ಚಿ ವ್ಯವಹಾರ ಯಾಕೆ? ಅದೂ ಸರ್ಕಾರಿ ಮನೆಯಲ್ಲಿ!

ಚಪ್ಪಲಿ ಕಳಿಸುವುದಿಲ್ಲ. ಕಾಲಿಗೊಂದು ಚಪ್ಪಲಿ ಗತಿಯಿಲ್ಲದವನು ನಿನ್ನನ್ನು ಏನು ಸಾಕುತ್ತಾನೆ?

ಇಲ್ಲಿ ಎಲ್ಲ ಚೆನ್ನಾಗಿದೆ. ನನ್ನ ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಹೋಲ್ಡಾನ್ ಅನ್ನುತ್ತದೆ.

ಅಮ್ಮ

&nbsp;

ಫೆಬ್ರವರಿ 6

ಅಮ್ಮಾ,

ಗಂಡಸು ಯಾರೂ ಇಲ್ಲ. ಇದಕ್ಕಿಂತ ಹೆಚ್ಚು ಬರೆಯಲಾರೆ. ಚೀಲಕ್ಕೆ ಹಾಕುವ ಕಾಗದಗಳನ್ನು ಅಂಟಿಸುವುದು ನಮ್ಮ ಹೆಡ್ ಕ್ಲರ್ಕ್, ಅಂಟಿಸುವ ಮೊದಲು ಓದುವುದಿಲ್ಲ ಎಂದು ಅವರೇನೂ ಪ್ರಮಾಣ ಮಾಡಿಲ್ಲ. ಫೋನು ಮಾಡಿದರೆ ನಡುವೆ ಇನ್ಯಾರೋ ಉಸಿರಾಡುವುದು ಕೇಳಿಸುತ್ತದೆ.

ಚಪ್ಪಲಿ ಕಳಿಸು. ನನ್ನನ್ನು ನಂಬು.

ನಿನ್ನ ಮಗಳು

&nbsp;

ಫೆಬ್ರವರಿ 20

ಮಗಳೇ,

ನಿನ್ನ ಅಂಗೈಯಗಲದ ಕಾಗದ ಬಂತು. ನಂಬೋಣವೆಂದೇ ಇದ್ದೆ. ಅಷ್ಟರಲ್ಲಿ ಭಾನುವಾರ ನಿನ್ನ ಹೆಡ್ ಆಫೀಸಿನಿಂದ ಒಬ್ಬರು ಮನೆಗೇ ಬಂದರು. ಕೋಟು, ಕನ್ನಡಕ, ಬೆಣ್ಣೆಯಂಥ ಮಾತು. ಬೆತ್ತದ ಕುರ್ಚಿ ಒರೆಸಿ ಕೂರಿಸಿದೆ. ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ ಮೆಲ್ಲಗೆ ಬಾಯಿಬಿಟ್ಟರು.

"ನಿಮ್ಮ ಮಗಳು ಬಹಳ ಬುದ್ಧಿವಂತರು, ಅಮ್ಮ. ಆದ್ರೆ ಈಗ ಒಂದು ವಿಷಯದಲ್ಲಿ ಸ್ವಲ್ಪ ಹಟ ಮಾಡ್ತಿದಾರೆ. ಮನೇಲಿ ಇಟ್ಕೋಬಾರದವರನ್ನ ಇಟ್ಕೊಂಡಿದಾರೆ. ನೀವೊಂದು ಮಾತು ಬರೆದ್ರೆ ಕೇಳ್ತಾರೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೊರಗಿನವರು ಬಂದು ನನ್ನ ಮಗಳ ಮನೆಯಲ್ಲಿ ಯಾರಿದ್ದಾರೆ ಎಂದು ನನಗೇ ಹೇಳುವ ಹಾಗಾಯಿತಲ್ಲ! ಹೆಸರು ಕೇಳಲೂ ನಾಚಿಕೆಯಾಯಿತು. "ಅಂಥ ಮನುಷ್ಯನ ಸಹವಾಸ ಬೇಡ ಅಂತ ಬರೀತೀನಿ ಸ್ವಾಮಿ" ಅಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು, ಆಮೇಲೆ "ಹಾಗೇ ಬರೀರಿ, ಒಳ್ಳೇದು" ಎಂದು ಎದ್ದರು. ಈ ಕಾಗದವನ್ನು ತಾವೇ ಚೀಲಕ್ಕೆ ಹಾಕಿಸುತ್ತಾರಂತೆ. ಮುಂದಿನ ವರ್ಷ ನಿನಗೆ ಒಳ್ಳೆಯ ಜಾಗಕ್ಕೆ ಬಡ್ತಿಯಂತೆ, ಇದೊಂದು ಅಡ್ಡ ಬರುವುದು ಬೇಡ ಅಂದರು.

ನಿನ್ನ ಅಪ್ಪ ಹೋದ ಮೇಲೆ ಡಬಲ್ ಡ್ಯೂಟಿ ಮಾಡಿ ನಿನ್ನನ್ನು ಓದಿಸಿದ್ದು ಇದನ್ನು ಕೇಳುವುದಕ್ಕಲ್ಲ. ಆ ಎಂಟನೇ ನಂಬರಿನ ಕಾಲು ಯಾರದ್ದೇ ಆಗಿರಲಿ, ಈ ಕಾಗದ ಕಂಡ ದಿನವೇ ಹೊರಗೆ ಕಳಿಸು. ಎಲ್ಲಿಂದ ಬಂತೋ ಅಲ್ಲಿಗೇ ಹೋಗಲಿ.

ಅಮ್ಮ

&nbsp;

ಮಾರ್ಚ್ 4

ಅಮ್ಮಾ,

ಈ ಕಾಗದ ಚೀಲದಲ್ಲಿ ಬರುತ್ತಿಲ್ಲ. ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡುವ ನಮ್ಮ ದೇಶದ ನರ್ಸ್ ಒಬ್ಬಳು ರಜೆಗೆ ಬರುತ್ತಿದ್ದಾಳೆ, ಅವಳ ಕೈಯಲ್ಲಿ ಕೊಟ್ಟಿದ್ದೇನೆ. ಉತ್ತರವನ್ನೂ ಅವಳ ಕೈಗೇ ಕೊಡು. ಹಾಗಾಗಿ ಗೌರವ ವಂದನೆ ಏನೂ ಇಲ್ಲ, ಬಿಚ್ಚಿ ಹೇಳುತ್ತೇನೆ.

ನೀನೂನಾ ಅಮ್ಮ? ರಾಯಭಾರಿಗಳು ಗದರಿದಾಗ ನಾನು ಕ್ಯಾರೇ ಅನ್ನಲಿಲ್ಲ. 'ಹೊರಗೆ ಕಳಿಸು' ಎಂದು ನಿನ್ನ ಅಕ್ಷರದಲ್ಲಿ ಓದಿದಾಗ ಮಾತ್ರ ಕಾಗದ ಮಡಚಿ ದಿಂಬಿನ ಕೆಳಗೆ ತುರುಕಿದೆ. ಆ ಕೋಟಿನ ಮನುಷ್ಯ ಜಾಣ. ಸುಳ್ಳು ಹೇಳಲೇ ಇಲ್ಲ. ನೀನು ತಪ್ಪು ತಿಳಿಯುತ್ತಿರುವುದನ್ನು ನೋಡಿಕೊಂಡು ಸುಮ್ಮನೆ ಕೂತ.

ಆ ಕಾಲು ಒಬ್ಬ ಹೆಂಗಸಿನದು. ಹೊಲಿಗೆಯವಳು. ಇಲ್ಲಿನ ಅಂಗಡಿಯಲ್ಲಿ ಬಟ್ಟೆ ಹೊಲಿಯುವ ಕೆಲಸ ಎಂದು ಏಜೆಂಟ್ ಕರೆತಂದು, ಒಬ್ಬ ಹಡಗು ವ್ಯಾಪಾರಿಯ ಮನೆಗೆ ಚಾಕರಿಗೆ ಬಿಟ್ಟಿದ್ದಾನೆ. ಪಾಸ್‌ಪೋರ್ಟ್ ಯಜಮಾನನ ಬೀರುವಿನಲ್ಲಿ, ಗೇಟಿಗೆ ಬೀಗ. ಊರಿಗೆ ಹೋಗುತ್ತೇನೆ ಎಂದಾಗಲೆಲ್ಲ ಹೊಡೆತ. ಡಿಸೆಂಬರಿನ ಒಂದು ಬೆಳಿಗ್ಗೆ ಗೋಡೆ ಹಾರಿ ಬರಿಗಾಲಲ್ಲಿ ನನ್ನ ಕೌಂಟರಿಗೆ ಬಂದಳು. ನಡೆದು ಬಂದ ನೆಲದ ಮೇಲೆಲ್ಲ ರಕ್ತದ ಗುರುತು. ಎತ್ತರದ ಆಳು, ಕಾಲೂ ದೊಡ್ಡದು, ನನ್ನ ಚಪ್ಪಲಿ ಅವಳ ಹಿಮ್ಮಡಿಗೆ ಸಾಲದು. ಇಲ್ಲಿ ನಾನು ಅಂಥ ಚಪ್ಪಲಿ ಕೊಂಡರೆ ಸಂಜೆಯೊಳಗೆ ಡ್ರೈವರ್ ಮೂಲಕ ಇಡೀ ಕಚೇರಿಗೆ ಸುದ್ದಿ. ಅದಕ್ಕೇ ನಿನ್ನನ್ನು ಕೇಳಿದ್ದು.

ಆ ವ್ಯಾಪಾರಿ ಸಾಮಾನ್ಯನಲ್ಲ. ಏಪ್ರಿಲಿನಲ್ಲಿ ನಮ್ಮ ಸರ್ಕಾರದ ಜೊತೆ ಅವನ ಹಡಗುಗಳ ದೊಡ್ಡ ಒಪ್ಪಂದ ಇದೆ. "ಕಾರ್ ಕಳಿಸ್ತಾರಂತೆ, ಅಲ್ಲಿವರೆಗೂ ಕೂರಿಸಿ" ಎಂದರು ರಾಯಭಾರಿಗಳು. ಅವನ ಕಾರು ಬರುವ ಮೊದಲೇ ನಾನು ಅವಳನ್ನು ನನ್ನ ಕಾರಿನಲ್ಲಿ ಕೂರಿಸಿದೆ. ರಾಜತಾಂತ್ರಿಕರ ಮನೆಯೊಳಗೆ ಇಲ್ಲಿನ ಪೊಲೀಸರು ಕಾಲಿಡುವಂತಿಲ್ಲ. ಅಂದಿನಿಂದ ಅವಳು ನನ್ನ ಅಡುಗೆಮನೆಯ ಪಕ್ಕದ ಕೋಣೆಯಲ್ಲಿದ್ದಾಳೆ. ಸುಮ್ಮನೆ ಕೂರಲಾರದೆ ನನ್ನ ಪರದೆಗಳಿಗೆಲ್ಲ ಕೈಯಲ್ಲೇ ಅಂಚು ಹೊಲಿದಿದ್ದಾಳೆ.

ಒಡವೆ ಕದ್ದಿದ್ದಾಳೆ ಎಂದು ಅವನು ದೂರು ಕೊಟ್ಟಿದ್ದಾನೆ. ಎದುರಿನ ಬೀದಿಯಲ್ಲಿ ಪೊಲೀಸ್ ಕಾರು ನಿಂತೇ ಇದೆ. ಈಗ ಇಲ್ಲಿನ ವಿದೇಶಾಂಗ ಇಲಾಖೆ ನಮ್ಮನ್ನು ಕೇಳಿದೆ, ಅವಳೆಲ್ಲಿ ಎಂದು. ರಾಯಭಾರಿಗಳು ನನ್ನನ್ನು ಕರೆಸಿದರು.

"ಅಂಥೋರು ಯಾರೂ ನಮಗೆ ಗೊತ್ತಿಲ್ಲ ಅಂತ ಒಂದು ನೋಟು ಬರೀರಿ."

"ಸರ್, ಗೊತ್ತಿದೆಯಲ್ಲ."

"ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿರಬಾರದು. ಇದೇ ಅಲ್ವೇನ್ರೀ ನಮ್ಮ ಕೆಲಸ?"

ಆ ನೋಟು ಹೋದರೆ ಅವಳ ಕಥೆ ಮುಗಿದಂತೆ. ಅವಳದೇ ದೇಶ ಅವಳನ್ನು ಕೈಬಿಟ್ಟಿತು ಎಂದರ್ಥ. ಇಲ್ಲಿನ ಸರ್ಕಾರ ಕೊಡಬೇಕಾದ ದೇಶ ಬಿಡುವ ಅನುಮತಿ ಎಂದಿಗೂ ಸಿಗುವುದಿಲ್ಲ. ನನ್ನನ್ನು ಬೇರೆಡೆಗೆ ವರ್ಗ ಮಾಡಿದ ದಿನ ಈ ಮನೆಯ ಬಾಗಿಲು ಪೊಲೀಸರಿಗೆ ತೆರೆಯುತ್ತದೆ, ಅವಳು ಮತ್ತೆ ಅದೇ ಗೇಟಿನ ಹಿಂದೆ. ಬರೆಯುವುದಿಲ್ಲ ಎಂದೆ. ತಿಂಗಳ ಕೊನೆಯವರೆಗೆ ಗಡುವು ಕೊಟ್ಟಿದ್ದಾರೆ. ಬಡ್ತಿ ಹೋಗಲಿ, ಕೆಲಸವೇ ಹೋಗಲಿ. ಇವಳನ್ನು ನಾನು ಬಿಡುವುದಿಲ್ಲ.

ನೀನು ಏನು ಬೇಕಾದರೂ ತಿಳಿದುಕೋ.

ನಿನ್ನ ಮಗಳು

&nbsp;

ಮಾರ್ಚ್ 19

ನನ್ನ ಬಂಗಾರ,

ಕಾಗದ ಓದಿ ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ. 'ಎಲ್ಲಿಂದ ಬಂತೋ ಅಲ್ಲಿಗೇ ಹೋಗಲಿ' ಎಂದು ಬರೆದ ಕೈಯನ್ನು ಎಲ್ಲಿ ಇಟ್ಟುಕೊಳ್ಳಲಿ ಹೇಳು.

ಅಳುತ್ತಾ ಕೂರಲು ನನಗೆ ಬರುವುದಿಲ್ಲ. ಮಾರನೇ ದಿನ ಇಸ್ತ್ರಿ ಸೀರೆ ಉಟ್ಟು ನಿನ್ನ ಹೆಡ್ ಆಫೀಸಿಗೆ ಹೋದೆ. ಕಾಯಿಸಿದರು, ಕಾದೆ. ನಾಳೆ ಬನ್ನಿ ಅಂದರು, ಬೆಂಚು ಬಿಟ್ಟು ಏಳಲಿಲ್ಲ. ಕೊನೆಗೆ ಆ ಕೋಟಿನ ಮಹಾನುಭಾವ ಹೊರಗೆ ಬಂದ. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ.

"ಮನೇಲಿರೋದು ಗಂಡಸು ಅಂತ ನಾನು ಹೇಳ್ಲೇ ಇಲ್ಲವಲ್ಲಮ್ಮ" ಅಂದ.

"ಹೇಳ್ಲಿಲ್ಲ. ನಾನು ಹಾಗೆ ತಿಳ್ಕೊಂಡಿದೀನಿ ಅಂತ ಗೊತ್ತಿದ್ರೂ ಸುಮ್ನೆ ಕೂತ್ರಲ್ಲ, ನಮ್ಮನೆ ಕಾಫಿ ಕುಡ್ಕೊಂಡು!"

"ಇದು ಸರ್ಕಾರದ ವಿಷಯ. ನಿಮಗೆ ಅರ್ಥ ಆಗಲ್ಲ."

"ನನ್ನ ಬಸ್ಸೂ ಸರ್ಕಾರದ್ದೇ ಆಗಿತ್ತು ಸ್ವಾಮಿ. ನಿಮ್ಮಂಥೋರನ್ನ ದಿನಾ ಫುಟ್‌ಬೋರ್ಡಿಂದ ಒಳಗೆ ತಳ್ತಿದ್ದೆ."

ಅಲ್ಲಿದ್ದ ಟೈಪಿಸ್ಟ್ ಹುಡುಗಿಯರು ಕಿಸಕ್ಕೆಂದರು. ಅವನು ಕನ್ನಡಕ ಒರೆಸಿಕೊಳ್ಳುತ್ತಾ ಒಳಗೆ ಹೋದ.

ಒಂದು ವಿಷಯ ನಿನಗೆ ಹೇಳಿಯೇ ಇರಲಿಲ್ಲ. ನೀನು ಆಗ ಐದನೇ ಕ್ಲಾಸು. ಒಂದು ಊರಿನ ಗಡಿಯಲ್ಲಿ ಒಬ್ಬ ಹೆಣ್ಣುಮಗಳು ಓಡಿಬಂದು ನನ್ನ ಬಸ್ಸು ಹತ್ತಿದಳು. ಟಿಕೆಟ್ ಹರಿದು ಕೊಟ್ಟೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಜೀಪೊಂದು ಅಡ್ಡ ಬಂತು. ಅವಳ ಗಂಡ, ಜೊತೆಗೆ ಊರಿನ ದೊಡ್ಡಮನುಷ್ಯರು. ಇಳಿಸು ಅಂದರು. ಡ್ರೈವರಿಗೆ ಸ್ಟಿಯರಿಂಗ್ ಹಿಡಿದಲ್ಲೇ ಬೆವರು. ನಾನು ಬಾಗಿಲಿಗೆ ಅಡ್ಡ ನಿಂತೆ. "ಟಿಕೆಟ್ ಕೊಟ್ಟಾಗಿದೆ. ಮುಂದಿನೂರಿಗೆ ಕರ್ಕೊಂಡು ಹೋಗ್ತೀನಿ ಅಂತ ನಿಗಮ ಮಾತು ಕೊಟ್ಟಾಗಿದೆ. ಆ ಮಾತು ಸುಳ್ಳು ಅಂತ ಡಿಪೋ ಮ್ಯಾನೇಜರ್ ಕೈಲಿ ಬರೆಸ್ಕೊಂಡು ಬನ್ನಿ, ಇಳಿಸ್ತೀನಿ" ಅಂದೆ. ಯಾವ ಮ್ಯಾನೇಜರ್ ಬರೆದುಕೊಡುತ್ತಾನೆ? ಹೋಲ್ಡಾನ್ ಅಂದವರು ಅವರು, ರೈಟ್ ಅಂದವಳು ನಾನು. ಬಸ್ಸು ಹೊರಟಿತು.

ಚಪ್ಪಲಿ ಕೊಂಡಿದ್ದೇನೆ. ಎಂಟನೇ ನಂಬರು, ಹೆಂಗಸರದೇ, ಅಂಗಡಿಯವನು ಒಳಗಿನಿಂದ ಹುಡುಕಿ ತಂದ. ಆದರೆ ಕಳಿಸುವುದಿಲ್ಲ. ಅವಳೇ ಬಂದು ಹಾಕಿಕೊಳ್ಳಲಿ.

ಅಮ್ಮ

&nbsp;

ಏಪ್ರಿಲ್ 5

ಅಮ್ಮಾ,

ಗೆದ್ದೆವು!

ನರ್ಸ್ ನಿನ್ನ ಕಾಗದ ತಂದುಕೊಟ್ಟಾಗ ಗಡುವಿಗೆ ಹೆಚ್ಚು ದಿನ ಉಳಿದಿರಲಿಲ್ಲ. ನಿನ್ನ ಟಿಕೆಟ್ಟಿನ ಕಥೆಯನ್ನು ಎರಡು ಸಲ ಓದಿದೆ. ನಾನು ನೋಟು ಬರೆಯುವುದಿಲ್ಲ ಎಂದು ಇಷ್ಟು ದಿನ ಹಟ ಹಿಡಿದು ಕೂತಿದ್ದೆನಲ್ಲ, ಅದೇ ದಡ್ಡತನ. ಬರೆಯಬೇಕಾಗಿತ್ತು!

ಕೌಂಟರಿನ ವಿಷಯಗಳ ನೋಟುಗಳನ್ನು ಮೊದಲಿನಿಂದಲೂ ನಾನೇ ಮುದ್ರೆ ಒತ್ತಿ ಕಳಿಸುತ್ತಿದ್ದೆ. ಮುದ್ರೆ ನನ್ನ ಮೇಜಿನ ಖಾನೆಯಲ್ಲೇ ಇತ್ತು. ಅದನ್ನು ಕಿತ್ತುಕೊಳ್ಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಕೆಳಗಿನವರು ಹೇಳಿದ್ದನ್ನಷ್ಟೇ ಬರೆಯುತ್ತಾರೆ ಎಂಬ ಭರವಸೆ ಅವರಿಗೆ. ಬೆಳಿಗ್ಗೆ ಕೂತು ಬರೆದೆ. ರಾಯಭಾರ ಕಚೇರಿಯು ವಿದೇಶಾಂಗ ಇಲಾಖೆಗೆ ಗೌರವ ವಂದನೆಗಳನ್ನು ಸಲ್ಲಿಸುತ್ತಾ, ಸದರಿ ಮಹಿಳೆಯು ತನ್ನ ದೇಶದ ಪ್ರಜೆಯೆಂದೂ, ತನ್ನ ರಕ್ಷಣೆಯಲ್ಲಿ ಸೆಕೆಂಡ್ ಸೆಕ್ರೆಟರಿಯ ಮನೆಯಲ್ಲಿ ಇದ್ದಾಳೆಂದೂ, ಆಕೆಯ ಮೇಲಿನ ದೂರಿಗೆ ಸಾಕ್ಷ್ಯವಿದ್ದರೆ ಕಳಿಸಬೇಕೆಂದೂ, ಇಲ್ಲದಿದ್ದರೆ ದೇಶ ಬಿಡಲು ಅನುಮತಿ ಕೊಡಬೇಕೆಂದೂ ತಿಳಿಸಲು ಹರ್ಷಿಸುತ್ತದೆ. ಮುದ್ರೆ ಒತ್ತಿದೆ, ಅಕ್ಷರ ಗೀಚಿದೆ, ನಾನೇ ಹೋಗಿ ಅವರ ಟಪಾಲು ಕೌಂಟರಿನಲ್ಲಿ ಕೊಟ್ಟು ರಸೀದಿ ತಂದೆ.

ರಾಯಭಾರಿಗಳು ಕೆಂಡಾಮಂಡಲ. "ವಾಪಸ್ ತರಿಸ್ರೀ ಅದನ್ನ!"

"ಕೊಟ್ಟ ನೋಟು ವಾಪಸ್ ಬರಲ್ಲ ಸರ್. ಬೇಕಾದ್ರೆ ಇನ್ನೊಂದು ಬರೆದು, ನಮ್ಮ ದೇಶ ಬೆಳಿಗ್ಗೆ ಸುಳ್ಳು ಹೇಳಿತ್ತು ಅಂತ ತಾವೇ ತಿಳಿಸಬಹುದು" ಎಂದು ಮುದ್ರೆಯನ್ನು ಅವರ ಮೇಜಿನ ಮೇಲಿಟ್ಟೆ.

ಅವರು ಅದನ್ನು ಮುಟ್ಟಲಿಲ್ಲ. ಸುಳ್ಳನ್ನು ಕಳಿಸಲು ಈ ವೃತ್ತಿಯಲ್ಲಿ ಯಾರೂ ಹಿಂದೆಮುಂದೆ ನೋಡುವುದಿಲ್ಲ. ಕಳಿಸಿದ ಮಾತನ್ನು ಸುಳ್ಳು ಎಂದು ಒಪ್ಪಿಕೊಳ್ಳುವ ಗಂಡೆದೆ ಮಾತ್ರ ಯಾರಿಗೂ ಇಲ್ಲ. ಮರುದಿನ ಇಲಾಖೆಯಿಂದ ಫೋನು ಬಂದಾಗ, "ಹೌದು, ನಮ್ಮ ರಕ್ಷಣೇಲಿದಾರೆ" ಎಂದರಂತೆ, ಮೊದಲಿನಿಂದ ಅದು ತಮ್ಮದೇ ಯೋಚನೆ ಎಂಬ ಹಾಗೆ!

ಸಾಕ್ಷ್ಯ ಕೇಳಿದ ಕೂಡಲೇ ವ್ಯಾಪಾರಿಯ ಕಳೆದುಹೋದ ಒಡವೆ ಅವನ ಮನೆಯಲ್ಲೇ ಸಿಕ್ಕಿತಂತೆ. ಆ ವಾರ ಬಂಗಲೆಯಲ್ಲಿ ಅವನಿಗೆ ಔತಣ ಇತ್ತು. ನಾನು ಎಲ್ಲರಿಗಿಂತ ಮೊದಲೇ ಹೋಗಿ ಸೋಫಾದ ಬಲಗಡೆ ಕೂತೆ. ರಾಯಭಾರಿಗಳ ಹೆಂಡತಿ ಕಣ್ಸನ್ನೆ ಮಾಡಿದರು, ಕೆಮ್ಮಿದರು. ನಾನು ಜಪ್ಪಯ್ಯ ಅಂದರೂ ಏಳಲಿಲ್ಲ. ಬಂದ ಮನುಷ್ಯ ನಿಂತೇ ಇದ್ದ, ಆಮೇಲೆ ಮೂಲೆಯ ಸ್ಟೂಲಿನ ಮೇಲೆ ಕೂತ. "ನಿಮ್ಮನೆ ಹೊಲಿಗೆಯವರು ಚೆನ್ನಾಗಿದಾರೆ, ಕಾಲು ವಾಸಿಯಾಗಿದೆ" ಎಂದು ಅವನಿಗೆ ಕೇಳುವ ಹಾಗೆ ಹೇಳಿದೆ.

ಅನುಮತಿ ಬಂದಿದೆ. ಶನಿವಾರದ ವಿಮಾನಕ್ಕೆ ಹೊರಡುತ್ತಾಳೆ. ವಿಮಾನ ನಿಲ್ದಾಣಕ್ಕೆ ಅವಳ ಅಕ್ಕ ಬರುತ್ತಾಳಂತೆ, ಆದರೂ ನೀನು ಹೋಗು. ನನ್ನ ಕೆಲಸದ ಬಗ್ಗೆ ಚಿಂತೆ ಬೇಡ, ಇಲ್ಲಿ ಎಲ್ಲ ಮೊದಲಿನಂತೆಯೇ ಇದೆ.

ನಿನ್ನ ಮಗಳು

&nbsp;

ಏಪ್ರಿಲ್ 13

ತಾಯಿಯು ತನ್ನ ಮಗಳಿಗೆ ಗೌರವ ವಂದನೆಗಳನ್ನು ಸಲ್ಲಿಸುತ್ತಾ, ಎಂಟನೇ ನಂಬರಿನ ಕಾಲುಗಳೆರಡೂ ಸುಖವಾಗಿ ಬಂದು ತಲುಪಿವೆಯೆಂದು ತಿಳಿಸಲು ಹರ್ಷಿಸುತ್ತಾಳೆ.

ವಿಮಾನ ನಿಲ್ದಾಣದಲ್ಲಿ ಎಲ್ಲರೂ ಬರುವವರ ಮುಖ ನೋಡುತ್ತಿದ್ದರೆ ನಾನು ಕಾಲು ನೋಡುತ್ತಿದ್ದೆ. ನಿನ್ನ ನೀಲಿ ಚಪ್ಪಲಿ ಹಾಕಿಕೊಂಡು ಬಂದಳು, ಹಿಮ್ಮಡಿ ಹಿಂದೆ ನೆಲಕ್ಕೆ ತಾಗುತ್ತಿತ್ತು. ಮಾತಾಡುವ ಮೊದಲೇ ಅಲ್ಲೇ ಬೆಂಚಿನ ಮೇಲೆ ಕೂರಿಸಿ ಹೊಸದನ್ನು ಹಾಕಿಸಿದೆ. ಸರಿಯಾಗಿ ಕೂತಿತು. ಆಮೇಲೆ ಅವಳು, ಅವಳ ಅಕ್ಕ, ನಾನು, ಮೂವರೂ ನಿಲ್ದಾಣ ಹಾರಿಹೋಗುವ ಹಾಗೆ ಅತ್ತೆವು.

ಅಳು ನಿಂತ ಮೇಲೆ ಅವಳು ಮೆಲ್ಲಗೆ ಹೇಳಿದಳು. "ಮೇಡಂ ಹೇಳ್ಬೇಡ ಅಂದಿದ್ರು, ಅಮ್ಮ. ಪರದೆಯೆಲ್ಲ ಬಿಚ್ಚಿ ಟ್ರಂಕ್ ಕಟ್ಟಿದಾರೆ. ಅವರನ್ನ ವಾಪಸ್ ಕರೆಸ್ಕೊಂಡಿದಾರೆ. ಬಡ್ತಿನೂ ಇಲ್ವಂತೆ. ಹಳೇ ಕಡತದ ಕೋಣೇಲಿ ಕೂರಿಸ್ತಾರಂತೆ."

ಎಲ್ಲ ಮೊದಲಿನಂತೆಯೇ ಇದೆ ಎಂದು ಬರೆದೆಯಲ್ಲೇ! ಇಷ್ಟೆಲ್ಲ ನೋಟುಗಳಲ್ಲಿ ನೀನು ಹೇಳಿದ ಸುಳ್ಳು ಅದೊಂದೇ, ಅದೂ ನನಗೆ.

ಹೋಗಲಿ, ಅದು ನಿನಗೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ಆ ಬಸ್ಸಿನ ಕಥೆಯಲ್ಲಿ ನಾನೂ ಒಂದನ್ನು ಬಿಟ್ಟಿದ್ದೆ. ರೈಟ್ ಹೇಳಿದ ಮರುವಾರ ನನ್ನನ್ನು ಬಸ್ಸಿನಿಂದ ಇಳಿಸಿ, ಡಿಪೋದ ಹಿಂದಿನ ಕೋಣೆಯಲ್ಲಿ ಹಳೇ ಟಿಕೆಟ್ ಕಟ್ಟುಗಳ ಜೊತೆ ಕೂರಿಸಿದರು. ಒಂದು ವರ್ಷ. ನೀನು ಚಿಕ್ಕವಳು, ಅಮ್ಮ ಬಸ್ಸಿನಲ್ಲಿಲ್ಲ ಎಂದರೆ ಬೇಜಾರು ಮಾಡಿಕೊಳ್ಳುತ್ತೀಯ ಎಂದು ದಿನಾ ಯೂನಿಫಾರಂ ಹಾಕಿಕೊಂಡು, ಸೀಟಿ ಕುತ್ತಿಗೆಗೆ ತಗುಲಿಸಿಕೊಂಡೇ ಹೊರಡುತ್ತಿದ್ದೆ. ಆ ಕೋಣೆಯಲ್ಲಿ ಗಾಳಿ ಇರಲಿಲ್ಲ, ಕಿಟಕಿ ಇರಲಿಲ್ಲ. ಆದರೆ ಒಂದು ದಿನವೂ, ಒಂದು ಗಳಿಗೆಯೂ, ಆ ಹೆಣ್ಣನ್ನು ಇಳಿಸಬೇಕಿತ್ತು ಅನ್ನಿಸಲಿಲ್ಲ. ನಿನಗೂ ಅನ್ನಿಸುವುದಿಲ್ಲ. ಅನ್ನಿಸಿದರೆ ನನ್ನ ಹತ್ತಿರ ಬಾ, ಕಿವಿ ಹಿಂಡುತ್ತೇನೆ.

ಬರುವಾಗ ಬಾಲ ಮುದುರಿಕೊಂಡು ಇಳಿಯಬೇಡ. ತಲೆ ಎತ್ತಿಕೊಂಡು ಇಳಿ. ನಾನು ಅದೇ ಬೆಂಚಿನ ಹತ್ತಿರ ನಿಂತಿರುತ್ತೇನೆ, ಕೈಯಲ್ಲಿ ಐದನೇ ನಂಬರಿನ ಚಪ್ಪಲಿ. ನಿನ್ನ ನೀಲಿಯದು ಅವಳ ಕಾಲಿಗೆ ಹಿಗ್ಗಿ ಕೆಟ್ಟುಹೋಗಿದೆ. ನಮ್ಮ ಮನೆಯಲ್ಲಿ ಸೋಫಾ ಇಲ್ಲ. ಬೆತ್ತದ ಕುರ್ಚಿ ಒಂದಿದೆ, ಆ ಕೋಟಿನವನು ಕೂತು ಹೋದ ಮೇಲೆ ಚೆನ್ನಾಗಿ ತೊಳೆದಿದ್ದೇನೆ. ಇನ್ನು ಅದು ನಿನ್ನದು.

ಈ ಸಂದರ್ಭವನ್ನು ಬಳಸಿಕೊಂಡು ತಾಯಿಯು ತನ್ನ ಮಗಳಿಗೆ ತನ್ನ ಅತ್ಯುನ್ನತ ಗೌರವವನ್ನು ಸಲ್ಲಿಸುತ್ತಾಳೆ. ಮತ್ತೊಮ್ಮೆ ಅಲ್ಲ, ಇದೇ ಮೊದಲು. ಧಾಟಿಗೆ ಬರೆದದ್ದೂ ಅಲ್ಲ.

ಮುದ್ರೆ ಇಲ್ಲ. ಸೀಟಿ ಇದೆ, ಬಂದ ದಿನ ಊದುತ್ತೇನೆ.

ರೈಟ್, ರೈಟ್!

ಅಮ್ಮ